ನೆಚ್ಚಿನ ಕಂಠಕ್ಕೊಂದು ಮನೆಯ ಭಂಡಾರ: ಪಿ.ಬಿ. ಶ್ರೀನಿವಾಸ್ ಹಾಡುಗಳ ಸಂಗ್ರಹ ಕಟ್ಟುವ ಬಗೆ

ಉದ್ಯೋಗವನ್ನು ಅರಸಿ ಮುಂಬಯಿ ಮಹಾನಗರವನ್ನು ಸೇರಿ, ಸ್ವಂತ ಸೂರಿನ ಆಸೆಯಿಂದ ಡೊಂಬಿವಲಿ, ಕಲ್ಯಾಣ, ಅಂಬರನಾಥಗಳನ್ನು ದಾಟಿ ಬದಲಾಪುರದವರೆಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳು ಅನೇಕ. ಇಂತಹ ಮನೆಗಳಲ್ಲಿ ಅಟ್ಟದ ಮೇಲೋ ಮಂಚದ ಅಡಿಯಲ್ಲೋ ಒಂದು ಪೆಟ್ಟಿಗೆ ಇದ್ದೇ ಇರುತ್ತದೆ. ಊರಿಗೆ ಹೋದಾಗಲೆಲ್ಲ ತಂದ ಕ್ಯಾಸೆಟ್ಟುಗಳು, ಆಕಾಶವಾಣಿಯಿಂದ ಮುದ್ರಿಸಿಕೊಂಡ ಹಾಡುಗಳು, ಎಲ್ಲೋ ಒಂದೆರಡು ಹಳೆಯ ಧ್ವನಿಮುದ್ರಿಕೆಗಳು ಅದರಲ್ಲಿರುತ್ತವೆ. ಅವುಗಳನ್ನು ಕೇಳಿಸುವ ಯಂತ್ರ ಕೆಟ್ಟು ವರ್ಷಗಳಾಗಿರುತ್ತವೆ. ಎಸೆಯಲು ಮನಸ್ಸು ಬಾರದು, ಕೇಳಲು ದಾರಿ ಕಾಣದು. ಮನೆಯ ಹಿರಿಯರು ಮೆಚ್ಚಿ ಕೂಡಿಸಿದ ಈ ಹಾಡುಗಳನ್ನು ಕ್ರಮವಾಗಿ ಹೊಂದಿಸಿ, ಮಕ್ಕಳ ಕೈಗೆ ಒಪ್ಪಿಸಬಹುದಾದ ಒಂದು ಸಂಗ್ರಹವಾಗಿ ಕಟ್ಟುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ. ಬದಲಾಪುರದ ನಾವು ನಾಲ್ಕು ಮನೆಯವರು ಕೂಡಿ ಮಾಡಿದ ಕೆಲಸದ ಅನುಭವ ಇದರ ಹಿಂದಿದೆ. ನಮಗೆ ನಾಲ್ಕು ಮನೆಗಳಿಗೂ ಪ್ರಿಯವಾದ ಕಂಠವೆಂದರೆ ಪಿ.ಬಿ. ಶ್ರೀನಿವಾಸ್ ಅವರದು.

ಎಲ್ಲ ಹಾಡೂ ಮೊಬೈಲಿನಲ್ಲೇ ಸಿಗುವಾಗ ಈ ಶ್ರಮವೇಕೆ?

ಈ ಪ್ರಶ್ನೆಯನ್ನು ನಮ್ಮ ಮಕ್ಕಳೇ ಮೊದಲು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಇಂದು ಬೆರಳ ತುದಿಯಲ್ಲಿ ಸಾವಿರಾರು ಹಾಡುಗಳು ದೊರೆಯುತ್ತವೆ. ಆದರೆ ಹಾಗೆ ದೊರೆಯುವ ಹಾಡು ನಮ್ಮದಲ್ಲ. ಹಕ್ಕಿನ ಒಪ್ಪಂದ ಬದಲಾದರೆ ನಿನ್ನೆ ಇದ್ದ ಹಾಡು ಇಂದು ಕಾಣದಂತಾಗಬಹುದು. ಎರಡನೆಯದಾಗಿ, ಅಲ್ಲಿನ ಪಟ್ಟಿಗಳಲ್ಲಿ ಗಾಯಕರ ಹೆಸರು ತಪ್ಪಾಗಿರುವುದು ಅಪರೂಪವೇನಲ್ಲ. ಡಾ. ರಾಜಕುಮಾರ್ ಅಭಿನಯಿಸಿದ ಚಿತ್ರವೆಂದ ಮಾತ್ರಕ್ಕೆ ಅವರೇ ಹಾಡಿದರೆಂದು ನಮೂದಿಸುವುದು, ಹಳೆಯ ಹಾಡುಗಳೆಲ್ಲವನ್ನೂ ಶ್ರೀನಿವಾಸರ ಹೆಸರಿಗೆ ಸೇರಿಸುವುದು, ಎರಡನ್ನೂ ಕಾಣುತ್ತೇವೆ. ಮೂರನೆಯದಾಗಿ, ಜನಪ್ರಿಯವಾದ ಇಪ್ಪತ್ತು ಮೂವತ್ತು ಹಾಡುಗಳೇ ಮತ್ತೆ ಮತ್ತೆ ಕೇಳಿಬರುತ್ತವೆ. ಅಷ್ಟೇ ಇಂಪಾದ ಬೇರೆ ಹಾಡುಗಳು ಹಿಂದೆ ಸರಿಯುತ್ತವೆ.

ಇವೆಲ್ಲಕ್ಕಿಂತ ಮುಖ್ಯವಾದ ಕಾರಣ ಬದಲಾಪುರದಲ್ಲಿ ವಾಸಿಸುವವರಿಗೆ ಚೆನ್ನಾಗಿ ತಿಳಿದಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಇತ್ತ ಉಲ್ಹಾಸ ನದಿಯೂ ಉಕ್ಕಿ ನಮ್ಮ ಊರಿನ ತಗ್ಗು ಪ್ರದೇಶಗಳನ್ನು ಮುಳುಗಿಸಿತು. 2019ರ ಜುಲೈ 27ರಂದು ಬದಲಾಪುರ ಮತ್ತು ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನಲ್ಲಿ ಸಿಲುಕಿ, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಪಾರುಮಾಡಬೇಕಾಯಿತು. 2005ರ ನೆರೆಯಲ್ಲಿ ನಮ್ಮ ಪೈಕಿ ನೆಲಮಹಡಿಯಲ್ಲಿದ್ದ ಮನೆಯವರು ಅಕ್ಕಿಬೇಳೆ, ಹಾಸಿಗೆಗಳ ಜೊತೆಗೆ ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್ಟುಗಳನ್ನೂ ಕಳೆದುಕೊಂಡರು. ಅಕ್ಕಿಬೇಳೆ ಮತ್ತೆ ಬಂತು, ಹಾಸಿಗೆಯೂ ಬಂತು. ಆದರೆ 1970ರ ದಶಕದಲ್ಲಿ ರೇಡಿಯೋ ಮುಂದೆ ಕುಳಿತು ತಂದೆಯವರು ಮುದ್ರಿಸಿಕೊಂಡಿದ್ದ ಹಾಡುಗಳು, ಅವುಗಳ ನಡುವೆ ಅಕಸ್ಮಾತ್ತಾಗಿ ಸೇರಿಕೊಂಡಿದ್ದ ಅವರದೇ ಧ್ವನಿ, ಮರಳಿ ಬರಲಿಲ್ಲ. ನೆರೆ ಬಾರದ ಮನೆಗಳಲ್ಲೂ ನಾಲ್ಕು ತಿಂಗಳ ಮಳೆಗಾಲದ ತೇವ ಮೆಲ್ಲಗೆ ಇದೇ ಕೆಲಸವನ್ನು ಮಾಡುತ್ತಿರುತ್ತದೆ. ಆದ್ದರಿಂದ ಈ ಕೆಲಸಕ್ಕೆ ಕಾಲಮಿತಿಯಿದೆ ಎಂಬುದನ್ನು ಮರೆಯಲಾಗದು.

ಶ್ರೀನಿವಾಸರೇ ಏಕೆ?

ಪ್ರತಿವಾದಿ ಭಯಂಕರ ಶ್ರೀನಿವಾಸ್ ಜನಿಸಿದ್ದು 1930ರ ಸೆಪ್ಟೆಂಬರ್ 22ರಂದು, ಆಂಧ್ರದ ಕಾಕಿನಾಡದಲ್ಲಿ. ಮನೆಮಾತು ತೆಲುಗು. ಬಾಳಿದ್ದು ಮದರಾಸಿನಲ್ಲಿ. 1952ರ ಹಿಂದಿ ಚಿತ್ರ 'ಮಿಸ್ಟರ್ ಸಂಪತ್' ಮೂಲಕ ಹಿನ್ನೆಲೆ ಗಾಯನಕ್ಕೆ ಬಂದ ಅವರು ತೆಲುಗು, ತಮಿಳು, ಕನ್ನಡ, ಮಲಯಾಳಂ, ಹಿಂದಿ ಭಾಷೆಗಳಲ್ಲಿ ಹಾಡಿದರು. ಹಲವು ಭಾಷೆಗಳಲ್ಲಿ ಕವಿತೆಯನ್ನೂ ಬರೆದರು. ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಜೇಬಿನ ತುಂಬ ಪೆನ್ನುಗಳನ್ನಿಟ್ಟುಕೊಂಡು ಬರೆಯುತ್ತ ಕುಳಿತಿರುತ್ತಿದ್ದ ಅವರನ್ನು ಅಲ್ಲಿಗೆ ಹೋಗುತ್ತಿದ್ದವರೆಲ್ಲ ಬಲ್ಲರು. 2013ರ ಏಪ್ರಿಲ್ 14ರಂದು ಚೆನ್ನೈನಲ್ಲಿ ಅವರು ಕಾಲವಶರಾದರು.

ಕನ್ನಡದಲ್ಲಿ ಅವರ ಸ್ಥಾನ ವಿಶೇಷವಾದದ್ದು. 1960ರ 'ಭಕ್ತ ಕನಕದಾಸ'ದ ನಂತರ ಸುಮಾರು ಒಂದೂವರೆ ದಶಕ ಕಾಲ ತೆರೆಯ ಮೇಲಿನ ರಾಜಕುಮಾರ್ ಅವರಿಗೆ ಬಹುತೇಕ ಇವರೇ ದನಿಯಾದರು. ಮುಖ ಒಬ್ಬರದು, ಕಂಠ ಮತ್ತೊಬ್ಬರದು ಎಂಬ ಭೇದವೇ ತೋರದಷ್ಟು ಇಬ್ಬರೂ ಒಂದಾಗಿದ್ದರು. ಏರುದನಿಯ ಅಬ್ಬರವಿಲ್ಲದೆ, ಮಂದ್ರಸ್ಥಾಯಿಯಲ್ಲಿ ಮೃದುವಾಗಿ, ಪ್ರತಿಯೊಂದು ಅಕ್ಷರವೂ ಕಿವಿಗೆ ಬೀಳುವಂತೆ ಹಾಡುವುದು ಅವರ ರೀತಿ. ಪರಭಾಷೆಯ ಮನೆಯಲ್ಲಿ ಹುಟ್ಟಿ, ಪರರಾಜ್ಯದಲ್ಲಿ ಬಾಳಿದವರು ಅಲ್ಪಪ್ರಾಣ ಮಹಾಪ್ರಾಣಗಳನ್ನು ಇಷ್ಟು ಶುದ್ಧವಾಗಿ ಉಚ್ಚರಿಸಿದ್ದು, ಮರಾಠಿ ನೆಲದಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಹೆಣಗುವ ನಮಗೆ ದೊಡ್ಡ ಭರವಸೆ. ಭಾಷೆ ಹುಟ್ಟಿನಿಂದ ಮಾತ್ರ ಬರುವುದಲ್ಲ, ಶ್ರದ್ಧೆಯಿಂದಲೂ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಒಂದೊಂದು ತಟ್ಟೆಗೆ ಒಂದೊಂದು ಹಾಡು

ಸಂಗ್ರಹ ಮಾಡುವ ಮುನ್ನ ಹಾಡುಗಳು ನಮ್ಮ ಮನೆಗಳಿಗೆ ಯಾವ ರೂಪದಲ್ಲಿ ಬಂದವು ಎಂಬುದನ್ನು ಅರಿಯುವುದು ಒಳ್ಳೆಯದು. ಮೊದಲಿದ್ದದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆ. ಹತ್ತು ಅಂಗುಲದ ಆ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರೂಕಾಲು ನಿಮಿಷದ ಹಾಡು ಮಾತ್ರ. ನಮ್ಮ ಹಳೆಯ ಚಿತ್ರಗೀತೆಗಳು ಮೂರರಿಂದ ಮೂರೂವರೆ ನಿಮಿಷಕ್ಕೆ ಮುಗಿಯುವುದಕ್ಕೆ ಇದೇ ಮುಖ್ಯ ಕಾರಣ. ಚಿತ್ರದಲ್ಲಿ ಹಾಡು ಇನ್ನೂ ಉದ್ದವಿದ್ದರೆ ತಟ್ಟೆಗಾಗಿ ಒಂದು ಚರಣವನ್ನು ಬಿಡುವುದೂ ಇತ್ತು. ಆದ್ದರಿಂದಲೇ ಚಿತ್ರದಲ್ಲಿ ಕೇಳುವ ಹಾಡಿಗೂ ತಟ್ಟೆಯ ಹಾಡಿಗೂ ಕೆಲವೊಮ್ಮೆ ವ್ಯತ್ಯಾಸವಿರುತ್ತದೆ. ಒಳ್ಳೆಯ ಸಂಗ್ರಹದಲ್ಲಿ ಸಾಧ್ಯವಾದರೆ ಎರಡನ್ನೂ ಇಡಬೇಕು.

ಬಳಿಕ ಬಂದದ್ದು ನಿಮಿಷಕ್ಕೆ 45 ಸುತ್ತಿನ, ಏಳು ಅಂಗುಲದ ಚಿಕ್ಕ ತಟ್ಟೆ. ಬದಿಗೆ ಎರಡರಂತೆ ಒಂದು ಚಿತ್ರದ ನಾಲ್ಕು ಹಾಡುಗಳು ಅದರಲ್ಲಿ ಹಿಡಿಸುತ್ತಿದ್ದವು. ಹನ್ನೆರಡು ಅಂಗುಲದ ಲಾಂಗ್‌ಪ್ಲೇ ತಟ್ಟೆಯಲ್ಲಿ ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಾಡು. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಕ್ಯಾಸೆಟ್ 1980ರ ದಶಕದಲ್ಲಿ ನಮ್ಮ ಮಧ್ಯಮವರ್ಗದ ಮನೆಗಳನ್ನು ತುಂಬಿತು. ತಟ್ಟೆಯನ್ನು ಕೇಳಬಹುದಿತ್ತು ಅಷ್ಟೆ. ಕ್ಯಾಸೆಟ್ಟಿನಲ್ಲಾದರೋ ನಮಗೆ ಬೇಕಾದ್ದನ್ನು ನಾವೇ ಆರಿಸಿ ತುಂಬಿಕೊಳ್ಳಬಹುದಿತ್ತು. ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುವ ಅಂಗಡಿಗಳೂ ಇದ್ದವು. ಮನೆಯ ಸಂಗ್ರಹ ಎಂಬ ಕಲ್ಪನೆ ಮೂಡಿದ್ದೇ ಆಗ. ಅಂದು ಕ್ಯಾಸೆಟ್ಟಿನ ಹೊದಿಕೆಯ ಮೇಲೆ ನೀಲಿ ಶಾಯಿಯಲ್ಲಿ ಬರೆದ ಪಟ್ಟಿಗಳೇ ಇಂದು ನಮಗೆ ಮೊದಲ ದಾಖಲೆಗಳು. ಅವುಗಳನ್ನು ಎಸೆಯಬಾರದು.

ಮೊದಲು ಪಟ್ಟಿ, ಆಮೇಲೆ ಹಾಡು

ಯಂತ್ರಕ್ಕೆ ಕೈಹಾಕುವ ಮುನ್ನ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಬೇಕು. ಪ್ರತಿ ಹಾಡಿಗೂ ಒಂದು ಸಾಲು: ಚಿತ್ರದ ಹೆಸರು, ವರ್ಷ, ಸಂಗೀತ ನಿರ್ದೇಶಕರು, ಗೀತರಚನೆಕಾರರು, ಜೊತೆಗೆ ಹಾಡಿದವರು, ಹಾಡು ನಮಗೆ ಸಿಕ್ಕಿದ್ದು ಎಲ್ಲಿಂದ, ಸ್ಥಿತಿ ಹೇಗಿದೆ. ಈ ಏಳು ಅಂಶಗಳು ಸಾಕು. ಸಂಗೀತ ನಿರ್ದೇಶಕರ ಅಂಕಣದಲ್ಲಿ ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ, ಎಂ. ವೆಂಕಟರಾಜು, ಟಿ.ಜಿ. ಲಿಂಗಪ್ಪ; ಗೀತರಚನೆಯ ಅಂಕಣದಲ್ಲಿ ಕು.ರ. ಸೀತಾರಾಮ ಶಾಸ್ತ್ರಿ, ಹುಣಸೂರು ಕೃಷ್ಣಮೂರ್ತಿ, ಕಣಗಾಲ್ ಪ್ರಭಾಕರ ಶಾಸ್ತ್ರಿ, ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್, ಚಿ. ಉದಯಶಂಕರ್ ಮುಂತಾದವರ ಹೆಸರುಗಳು ಒಂದೊಂದಾಗಿ ಬರತೊಡಗಿದಾಗ, ಒಬ್ಬ ಗಾಯಕನ ಪಟ್ಟಿಯೇ ಒಂದು ಕಾಲದ ಕನ್ನಡ ಚಿತ್ರಸಂಗೀತದ ಇತಿಹಾಸವಾಗಿ ಬೆಳೆಯುವುದನ್ನು ಕಾಣಬಹುದು.

ಪಟ್ಟಿ ಮಾಡುವಾಗ ಎಚ್ಚರ ವಹಿಸಬೇಕಾದದ್ದು ಗಾಯಕರ ಗುರುತಿನ ವಿಷಯದಲ್ಲಿ. ಕೆಲವು ಉದಾಹರಣೆಗಳನ್ನು ನೋಡೋಣ. ರಾಜಕುಮಾರ್ ನಾಯಕರಾಗಿ ಕಾಣಿಸಿಕೊಂಡ 1954ರ 'ಬೇಡರ ಕಣ್ಣಪ್ಪ'ದಲ್ಲಿ ಶಿವನನ್ನು ಮೊರೆಯಿಡುವ ಪ್ರಸಿದ್ಧ ಹಾಡು ಸಿ.ಎಸ್. ಜಯರಾಮನ್ ಅವರದು. 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ಕುಲದ ಮೇಲುಕೀಳನ್ನು ಪ್ರಶ್ನಿಸುವ ಹಾಡು ಘಂಟಸಾಲ ಅವರದು. ಅ.ನ.ಕೃ. ಅವರ ಕಾದಂಬರಿಯನ್ನು ಆಧರಿಸಿದ 1966ರ 'ಸಂಧ್ಯಾರಾಗ'ದಲ್ಲಿ ನಮ್ಮ ಗದಗಿನ ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಅವರ ಕಂಠಗಳಿವೆ. 1972ರ 'ನಾಗರಹಾವು' ಚಿತ್ರದಲ್ಲಂತೂ ಒಬ್ಬನೇ ನಾಯಕನಿಗೆ ಇಬ್ಬರು ಹಾಡಿದ್ದಾರೆ. ವಿಷ್ಣುವರ್ಧನ್ ಅವರ ಮೇಲೆ ಚಿತ್ರಿತವಾದ ಪ್ರಣಯದ ಹಾಡು ಶ್ರೀನಿವಾಸರದು, ಹನ್ನೆರಡು ವರ್ಷಗಳ ಸೇಡನ್ನು ಸಾರುವ ರೋಷದ ಹಾಡು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರದು. ಅದೇ ಚಿತ್ರದಲ್ಲಿ ಒನಕೆ ಓಬವ್ವನ ಕಥೆ ಹೇಳುವ ಹಾಡೂ ಶ್ರೀನಿವಾಸರ ಕಂಠದ್ದೇ.

ರಾಜಕುಮಾರ್ ಅವರ ಸ್ವಂತ ಗಾಯನದ ವಿಷಯದಲ್ಲೂ ಗೊಂದಲವಿದೆ. ಅವರು 1950ರ ದಶಕದಲ್ಲೇ ಅಪರೂಪಕ್ಕೆ ಹಾಡಿದ್ದುಂಟು. ಆದರೆ 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಎಮ್ಮೆಯ ಮೇಲೆ ಕುಳಿತು ಹಾಡಿದ ಹಾಡು ಮನೆಮಾತಾದ ಬಳಿಕ ತಮ್ಮ ಚಿತ್ರಗಳಿಗೆ ಅವರೇ ಹಾಡತೊಡಗಿದರು. ಆದ್ದರಿಂದ 1974ರ ಆಸುಪಾಸಿನ ಚಿತ್ರಗಳನ್ನು ಎರಡೆರಡು ಸಲ ಪರಿಶೀಲಿಸಿಯೇ ಬರೆಯಬೇಕು. ನಾವು ಅನುಸರಿಸಿದ ನಿಯಮ ಸರಳ. ತಟ್ಟೆ ಅಥವಾ ಕ್ಯಾಸೆಟ್ಟಿನ ಚೀಟಿ, ಚಿತ್ರದ ಆರಂಭದಲ್ಲಿ ಬರುವ ಹೆಸರುಗಳು, ಚಿತ್ರಮಂದಿರದ ಬಳಿ ಮಾರುತ್ತಿದ್ದ ಹಾಡಿನ ಪುಸ್ತಕ ಇವುಗಳಲ್ಲಿ ಯಾವುದಾದರೂ ಎರಡು ಹೊಂದಿದರೆ ಮಾತ್ರ ಹೆಸರನ್ನು ಶಾಯಿಯಲ್ಲಿ ಬರೆಯುವುದು, ಇಲ್ಲವಾದರೆ ಪೆನ್ಸಿಲಿನಲ್ಲಿ ಬರೆದಿಡುವುದು. ಚಿತ್ರದ ಆರಂಭದಲ್ಲಿ ಗಾಯಕರೆಲ್ಲರ ಹೆಸರು ಒಟ್ಟಿಗೆ ಬರುತ್ತದೆಯೇ ಹೊರತು ಯಾವ ಹಾಡು ಯಾರದೆಂದು ಇರುವುದಿಲ್ಲ. ಹಾಗಾಗಿ ಅದೊಂದೇ ಸಾಲದು.

ಆಯ್ಕೆ ಹೇಗಿರಬೇಕು?

ಸಿಕ್ಕಿದ್ದೆಲ್ಲವನ್ನೂ ತುಂಬಿದರೆ ಅದು ಗೋದಾಮು, ಸಂಗ್ರಹವಲ್ಲ. ಹಳೆಯ ಕ್ಯಾಸೆಟ್ ಒಂದು ಒಳ್ಳೆಯ ಶಿಸ್ತನ್ನು ಕಲಿಸಿತ್ತು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ 45 ನಿಮಿಷ. ಮೂರೂವರೆ ನಿಮಿಷದ ಲೆಕ್ಕದಲ್ಲಿ ಹನ್ನೆರಡು ಹಾಡು, ಎರಡೂ ಬದಿಗೆ ಇಪ್ಪತ್ತನಾಲ್ಕು. ಈ ಮಿತಿಯನ್ನೇ ನಾವು ಉಳಿಸಿಕೊಂಡೆವು. ಹನ್ನೆರಡು ಹಾಡುಗಳ ಐದು ಕಂತು, ಒಟ್ಟು ಅರವತ್ತು ಹಾಡು. ಒಂದನ್ನು ಸೇರಿಸಬೇಕಾದರೆ ಇನ್ನೊಂದನ್ನು ಬಿಡಲೇಬೇಕು. ಬಿಡುವುದು ಯಾವುದನ್ನು ಎಂಬ ಚರ್ಚೆಯಲ್ಲೇ ಹಾಡಿನ ಸ್ವಾರಸ್ಯ ಮನೆಮಂದಿಗೆಲ್ಲ ತಿಳಿಯುತ್ತದೆ. ಒಂದು ಭಾನುವಾರ ಮಧ್ಯಾಹ್ನ ಇಂತಹ ವಾದ ನಡೆದಾಗ, ಕನ್ನಡ ಓದಲು ಬಾರದ ಮೊಮ್ಮಗಳೊಬ್ಬಳು "ಅಜ್ಜಿ, ಇದನ್ನು ಬಿಡಬೇಡಿ, ಇದು ನಾನು ಮಲಗುವಾಗಿನ ಹಾಡು" ಎಂದದ್ದು ನಮ್ಮೆಲ್ಲರ ವಾದಕ್ಕಿಂತ ಹೆಚ್ಚು ತೂಕದ ಮಾತಾಗಿತ್ತು.

ಕಂತುಗಳನ್ನು ವರ್ಷದ ಕ್ರಮದಲ್ಲಿ, ಸಂಗೀತ ನಿರ್ದೇಶಕರ ಕ್ರಮದಲ್ಲಿ, ಇಲ್ಲವೇ ಭಾವದ ಕ್ರಮದಲ್ಲಿ ಹೊಂದಿಸಬಹುದು. ಮನೆಯಲ್ಲಿ ಕೇಳುವುದಕ್ಕೆ ಭಾವದ ಕ್ರಮವೇ ಅನುಕೂಲ. ನಮ್ಮ ಮೊದಲ ಕಂತು ಬೆಳಗಿನ ಹೊತ್ತಿನ ಭಕ್ತಿಗೀತೆಗಳದು. 'ಭಕ್ತ ಕನಕದಾಸ'ದಿಂದ ಆರಂಭ. ಎರಡನೆಯದು ಲಾಲಿ ಹಾಗೂ ಸಂಸಾರದ ಹಾಡುಗಳದು, ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ 1964ರ 'ನಾಂದಿ'ಗಾಗಿ ಜಯಗೋಪಾಲ್ ಬರೆದು ವಿಜಯಭಾಸ್ಕರ್ ಸ್ವರ ಹಾಕಿದ ಹಾಡು ಇದರ ಕಳಶ. ಮೂರನೆಯದು ಎಸ್. ಜಾನಕಿ, ಪಿ. ಸುಶೀಲಾ ಅವರೊಂದಿಗಿನ ಯುಗಳ ಗೀತೆಗಳದು. ನಾಲ್ಕನೆಯದು ಬದುಕಿಗೆ ಧೈರ್ಯ ಹೇಳುವ ಮತ್ತು ನಾಡುನುಡಿಯ ಹಾಡುಗಳದು. 'ಕಸ್ತೂರಿ ನಿವಾಸ' (1971), 'ಬಂಗಾರದ ಮನುಷ್ಯ' (1972), 'ಗಂಧದ ಗುಡಿ' (1973) ಚಿತ್ರಗಳ ಹಾಡುಗಳಿಲ್ಲದೆ ಇದು ಪೂರ್ಣವಾಗದು.

ಐದನೆಯ ಕಂತು ನಮ್ಮ ಊರಿಗಾಗಿಯೇ ರೂಪುಗೊಂಡಿತು. ಅದಕ್ಕೆ 'ಪಂಢರಪುರದ ದಾರಿ' ಎಂದು ಹೆಸರಿಟ್ಟೆವು. ದೇಹುವಿನ ತುಕಾರಾಮರ ಕಥೆಯ 'ಸಂತ ತುಕಾರಾಂ' 1963ರಲ್ಲಿ, ತೇರ್ ಊರಿನ ಗೋರಾ ಕುಂಬಾರನ ಕಥೆಯ 'ಭಕ್ತ ಕುಂಬಾರ' 1974ರಲ್ಲಿ ಕನ್ನಡದಲ್ಲಿ ತೆರೆಕಂಡವು. ಎರಡರಲ್ಲೂ ರಾಜಕುಮಾರ್ ಅಭಿನಯ, ಶ್ರೀನಿವಾಸರ ಗಾಯನ. ಮರಾಠಿ ನೆಲದ ಸಂತರನ್ನು ತೆಲುಗು ಮನೆಮಾತಿನ ಗಾಯಕರು ಕನ್ನಡದಲ್ಲಿ ಹಾಡಿದ್ದನ್ನು ಬದಲಾಪುರದಲ್ಲಿ ಕುಳಿತು ಕೇಳುವಾಗ, ವಿಠ್ಠಲನಿಗೆ ಭಾಷೆಯ ಗಡಿಯಿಲ್ಲ ಎಂಬುದು ಮನದಟ್ಟಾಗುತ್ತದೆ. ಈ ಕಂತನ್ನು ನೆರೆಮನೆಯ ಮರಾಠಿ ಬಂಧುಗಳೂ ನಮ್ಮೊಂದಿಗೆ ಕುಳಿತು ಆಷಾಢ ಏಕಾದಶಿಯಂದು ಕೇಳಿದರು.

ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ

ಇನ್ನು ಯಂತ್ರದ ಕೆಲಸ. ಹಳೆಯ ಕ್ಯಾಸೆಟ್ಟನ್ನು ಒಮ್ಮೆಲೇ ಯಂತ್ರಕ್ಕೆ ಹಾಕಬಾರದು. ಮೊದಲು ಬೆಳಕಿಗೆ ಹಿಡಿದು ನೋಡಬೇಕು. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂತೆ ಕಂಡರೆ ಅದು ಬೂಷ್ಟು. ಹಾಗೆಯೇ ಓಡಿಸಿದರೆ ಬೂಷ್ಟು ಯಂತ್ರಕ್ಕೂ ಅಲ್ಲಿಂದ ಇತರ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಅಂಥವನ್ನು ಬೇರೆ ಚೀಲದಲ್ಲಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಸ್ವಚ್ಛಗೊಳಿಸಬೇಕು. ಅಮೂಲ್ಯವಾದದ್ದಾದರೆ ಬಲ್ಲವರಿಗೆ ಒಪ್ಪಿಸುವುದು ಲೇಸು. ಟೇಪಿನ ಹಿಂಬದಿಯಲ್ಲಿರುವ ಸಣ್ಣ ಉಣ್ಣೆಯ ಮೆತ್ತೆ ಬಿದ್ದುಹೋಗಿದ್ದರೆ ದನಿ ಮಂಕಾಗುತ್ತದೆ. ತಿರುಪು ಮೊಳೆಗಳಿರುವ ಕ್ಯಾಸೆಟ್ಟಾದರೆ ಬಿಚ್ಚಿ, ಸುರುಳಿಗಳನ್ನು ಇನ್ನೊಂದು ಒಳ್ಳೆಯ ಕವಚಕ್ಕೆ ವರ್ಗಾಯಿಸಬಹುದು. ಕ್ಯಾಸೆಟ್ಟಿನ ಮೇಲಂಚಿನ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಮುರಿದುಬಿಟ್ಟರೆ ಅಕಸ್ಮಾತ್ತಾಗಿ ಅದರ ಮೇಲೆ ಬೇರೆ ಮುದ್ರಣವಾಗುವ ಭಯವಿರುವುದಿಲ್ಲ. ಯಂತ್ರದ ತಲೆಯನ್ನು ಔಷಧಿ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿಕೊಳ್ಳಬೇಕು. ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಮುಂದಕ್ಕೆ, ಮತ್ತೆ ಹಿಂದಕ್ಕೆ ಓಡಿಸಿದರೆ ಅಂಟಿಕೊಂಡ ಸುತ್ತುಗಳು ಸಡಿಲವಾಗುತ್ತವೆ.

ನೆರೆಯ ನೀರು ಹೊಕ್ಕ ಕ್ಯಾಸೆಟ್ಟಿನ ವಿಷಯ ಬೇರೆ. ಅದನ್ನು ಬಿಸಿಲಿಗೆ ಇಡಬಾರದು, ಬಿಸಿಗಾಳಿಯ ಯಂತ್ರವನ್ನೂ ಹಿಡಿಯಬಾರದು. ಕೆಸರು ಒಣಗಿ ಗಟ್ಟಿಯಾಗುವ ಮೊದಲೇ ಶುದ್ಧವಾದ ತಣ್ಣೀರಿನಲ್ಲಿ ಮೆಲ್ಲಗೆ ಜಾಲಾಡಿಸಿ, ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ಪೂರ್ತಿ ಒಣಗಿದ ಮೇಲಷ್ಟೇ ಯಂತ್ರಕ್ಕೆ ಹಾಕಬೇಕು. ಈ ವಿಷಯ 2005ರಲ್ಲಿ ನಮ್ಮ ಬಡಾವಣೆಯಲ್ಲಿ ತಿಳಿದಿದ್ದರೆ ಎಷ್ಟೋ ಧ್ವನಿಗಳು ಉಳಿಯುತ್ತಿದ್ದವು.

ಕ್ಯಾಸೆಟ್ ಪ್ಲೇಯರಿನ ಹೊರಧ್ವನಿಯ ಕಿಂಡಿಯಿಂದ ಕಂಪ್ಯೂಟರಿನ ಒಳಧ್ವನಿಯ ಕಿಂಡಿಗೆ ಒಂದು ತಂತಿ ಜೋಡಿಸಿದರೆ ಸಿದ್ಧತೆ ಮುಗಿಯಿತು. ಲ್ಯಾಪ್‌ಟಾಪಿನಲ್ಲಿ ಆ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿಗೆ ಜೋಡಿಸುವ ಚಿಕ್ಕ ಸಾಧನ ಸಿಗುತ್ತದೆ. ಮುದ್ರಿಸಿಕೊಳ್ಳಲು 'ಆಡಾಸಿಟಿ' ಎಂಬ ಉಚಿತ ತಂತ್ರಾಂಶ ಸಾಕು. ದನಿಯ ಮಟ್ಟವನ್ನು ಅತಿ ಎತ್ತರದ ಸ್ವರಕ್ಕೂ ಸ್ವಲ್ಪ ಜಾಗ ಉಳಿಯುವಂತೆ ಇಡಬೇಕು, ಗೆರೆ ಮೀರಿದ ದನಿ ಒಡೆಯುತ್ತದೆ ಮತ್ತು ಅದನ್ನು ಮುಂದೆ ಸರಿಪಡಿಸಲಾಗದು. ಮೊದಲ ಪ್ರತಿಯನ್ನು ವೇವ್ ರೂಪದಲ್ಲೇ ಇಡಬೇಕು. ಇದಕ್ಕೆ ನಿಮಿಷಕ್ಕೆ ಸುಮಾರು 10 ಮೆಗಾಬೈಟ್ ಜಾಗ ಬೇಕು. ನಮ್ಮ ಅರವತ್ತು ಹಾಡುಗಳ 210 ನಿಮಿಷಕ್ಕೆ ಎರಡು ಗಿಗಾಬೈಟಿಗಿಂತ ಸ್ವಲ್ಪವೇ ಹೆಚ್ಚು. ಇಂದಿನ ಪೆನ್‌ಡ್ರೈವಿಗೆ ಇದೇನೂ ಭಾರವಲ್ಲ. ಮೊಬೈಲಿನಲ್ಲಿ ಕೇಳಲು ಎಂಪಿ3 ಪ್ರತಿಯನ್ನು ಬೇರೆ ಮಾಡಿಕೊಳ್ಳಬಹುದು.

ಇಲ್ಲಿ ಒಂದು ಕಿವಿಮಾತು. ತಂತ್ರಾಂಶದಲ್ಲಿ ಗೊರಗೊರ ಸದ್ದನ್ನು ಅಳಿಸುವ ಸೌಲಭ್ಯವಿದೆ. ಅದನ್ನು ಮಿತಿಮೀರಿ ಬಳಸಿದರೆ ಸದ್ದಿನ ಜೊತೆಗೆ ಶ್ರೀನಿವಾಸರ ಉಸಿರು, ವೀಣೆಯ ಕಂಪನ, ಸಾಲಿನ ಕೊನೆಯ ಮೆಲುದನಿ ಎಲ್ಲವೂ ಅಳಿಸಿಹೋಗುತ್ತವೆ. ಸ್ವಲ್ಪ ಸದ್ದು ಇರಲಿ. ಹಾಗೆಯೇ ಆ ಕಾಲದ ಹಾಡುಗಳು ಏಕಧ್ವನಿಯವು. ಅವುಗಳನ್ನು ಕೃತಕವಾಗಿ ಎರಡು ಬದಿಗೆ ಹರಡುವ ಅಗತ್ಯವಿಲ್ಲ. ಯಂತ್ರ ವೇಗವಾಗಿ ಅಥವಾ ನಿಧಾನವಾಗಿ ಓಡುತ್ತಿದ್ದರೆ ಶ್ರುತಿಯೇ ಬದಲಾಗುತ್ತದೆ. ಅದೇ ಹಾಡಿನ ಒಳ್ಳೆಯ ಪ್ರತಿಯೊಂದಿಗೆ ಹೋಲಿಸಿ ನೋಡಿದರೆ ಇದು ಗೊತ್ತಾಗುತ್ತದೆ.

ಹೆಸರು, ಪ್ರತಿ, ಕಾಪಾಡುವಿಕೆ

ಮುದ್ರಿಸಿದ ಕಡತಗಳಿಗೆ 'ಟ್ರ್ಯಾಕ್ 1', 'ಟ್ರ್ಯಾಕ್ 2' ಎಂದು ಹೆಸರಿಟ್ಟರೆ ಹತ್ತು ವರ್ಷಗಳ ನಂತರ ಯಾರಿಗೂ ಅರ್ಥವಾಗದು. ವರ್ಷ, ಚಿತ್ರ, ಹಾಡಿನ ಮೊದಲ ಪದ, ಗಾಯಕರು ಎಂಬ ಕ್ರಮದಲ್ಲಿ ಕನ್ನಡ ಅಕ್ಷರಗಳಲ್ಲೇ ಹೆಸರಿಡಬಹುದು. ಯೂನಿಕೋಡ್ ಬಂದ ಮೇಲೆ ಇದಕ್ಕೆ ಯಾವ ಅಡ್ಡಿಯೂ ಇಲ್ಲ. ವರ್ಷವನ್ನು ಮೊದಲಿಟ್ಟರೆ ಹಾಡುಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ನೋಟ್‌ಬುಕ್ಕಿನ ಪುಟಗಳ ಹಾಗೂ ಕ್ಯಾಸೆಟ್ ಹೊದಿಕೆಗಳ ಚಿತ್ರಗಳನ್ನೂ ಅದೇ ಕಡತಕೋಶದಲ್ಲಿ ಸೇರಿಸಬೇಕು.

ಪ್ರತಿಗಳು ಮೂರಿರಲಿ. ಒಂದು ಮನೆಯ ಕಂಪ್ಯೂಟರಿನಲ್ಲಿ, ಇನ್ನೊಂದು ಬೇರೆ ಹಾರ್ಡ್‌ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನಲ್ಲಿ. ಬದಲಾಪುರದ ನೆರೆ ಮನೆಯೊಳಗಿನ ಮೂರೂ ಪ್ರತಿಗಳನ್ನು ಒಟ್ಟಿಗೆ ಕೊಂಡೊಯ್ಯಬಲ್ಲದು. ನಮ್ಮ ಮೂರನೆಯ ಪ್ರತಿ ಊರಿನ ತವರುಮನೆಯ ಕಪಾಟಿನಲ್ಲಿದೆ. ಮೂಲ ಕ್ಯಾಸೆಟ್ಟುಗಳನ್ನು ನೆಲಕ್ಕೆ ತಾಗದಂತೆ, ಸ್ಪೀಕರಿನ ಅಯಸ್ಕಾಂತದಿಂದ ದೂರ, ನೆಟ್ಟಗೆ ನಿಲ್ಲಿಸಿ, ಮುಚ್ಚಳವುಳ್ಳ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಬೇಕು. ಗಣೇಶ ಚತುರ್ಥಿಯ ಶುದ್ಧಿಯ ವೇಳೆಗೆ ವರ್ಷಕ್ಕೊಮ್ಮೆ ಪೊಟ್ಟಣ ಬದಲಿಸಿ, ಮೂರೂ ಪ್ರತಿಗಳು ತೆರೆಯುತ್ತವೆಯೇ ಎಂದು ನೋಡುವ ಪದ್ಧತಿಯನ್ನು ನಾವು ಇಟ್ಟುಕೊಂಡಿದ್ದೇವೆ.

ಕಾನೂನಿನ ಮಾತು

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಅಂದರೆ 1964ರಲ್ಲಿ ಪ್ರಕಟವಾದ ತಟ್ಟೆಯ ಧ್ವನಿಮುದ್ರಣದ ಹಕ್ಕಿನ ಅವಧಿ 2024ರ ಕೊನೆಗೆ ಮುಗಿಯಿತು. ಆದರೆ ಅದರೊಳಗಿನ ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕು ಬೇರೆ. ರಚಿಸಿದವರ ಜೀವಿತಾವಧಿ ಹಾಗೂ ಆ ಬಳಿಕ 60 ವರ್ಷ ಅದು ಉಳಿಯುತ್ತದೆ. ಸ್ವಂತ ಬಳಕೆಗಾಗಿ ನ್ಯಾಯವಾದ ಉಪಯೋಗಕ್ಕೆ ಕಾಯ್ದೆ ಅವಕಾಶ ನೀಡಿದೆ. ಹಣ ಕೊಟ್ಟು ತಂದ ಕ್ಯಾಸೆಟ್ಟಿನ ಹಾಡನ್ನು ಮನೆಯಲ್ಲಿ ಕೇಳಲು ಕಾಪಿಟ್ಟುಕೊಳ್ಳುವುದು ಬೇರೆ, ಅದರ ಪ್ರತಿ ಮಾಡಿ ಮಾರುವುದು ಅಥವಾ ಊರಿಗೆಲ್ಲ ಹಂಚುವುದು ಬೇರೆ. ಮನೆಯ ಸಂಗ್ರಹ ಮನೆಯಲ್ಲೇ ಇರಲಿ. ಗಾಯಕರನ್ನು ಗೌರವಿಸುವವರು ಅವರೊಡನೆ ದುಡಿದವರ ಹಕ್ಕನ್ನೂ ಗೌರವಿಸಬೇಕಲ್ಲವೇ?

ಮಕ್ಕಳ ಪಾಲು

ಈ ಕೆಲಸದಲ್ಲಿ ಮಕ್ಕಳಿಗೆ ಪಾಲು ಕೊಡುವುದು ಅತ್ಯವಶ್ಯ. ಕಂಪ್ಯೂಟರಿನ ಕೆಲಸ ಅವರಿಗೆ ನೀರು ಕುಡಿದಷ್ಟು ಸುಲಭ. ನಮಗೆ ಗೊತ್ತಿರುವ ಚಿತ್ರ, ಕವಿ, ಸಂದರ್ಭಗಳ ವಿವರ ಅವರಿಗೆ ಹೊಸದು. ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳು ಕಡತಗಳಿಗೆ ಹೆಸರಿಡುವ ನೆಪದಲ್ಲಿ ಕನ್ನಡ ಅಕ್ಷರಗಳನ್ನು ಬರೆದರು. ಹಾಡಿನ ಒಂದು ಪದದ ಅರ್ಥ ಕೇಳಿದರು. ಪಠ್ಯಪುಸ್ತಕ ಹಿಡಿದು ಕುಳಿತರೆ ಬಾರದ ಕುತೂಹಲ ಇಲ್ಲಿ ತಾನಾಗಿ ಬಂತು. ಮನೆಯ ಹಿರಿಯರನ್ನು ಕೂರಿಸಿ, ಈ ಹಾಡನ್ನು ಮೊದಲು ಎಲ್ಲಿ ಕೇಳಿದಿರಿ ಎಂದು ವಿಚಾರಿಸಿ, ಅವರ ಉತ್ತರವನ್ನೂ ಎರಡು ನಿಮಿಷ ಮುದ್ರಿಸಿ ಹಾಡಿನ ಪಕ್ಕದಲ್ಲಿಟ್ಟೆವು. ಶ್ರೀನಿವಾಸರ ಹಾಡು ಜಗತ್ತಿನಲ್ಲಿ ಎಲ್ಲಾದರೂ ಸಿಕ್ಕೀತು. ಅಜ್ಜನ ಆ ಎರಡು ನಿಮಿಷದ ಮಾತು ನಮ್ಮ ಮನೆಯಲ್ಲಲ್ಲದೆ ಬೇರೆಲ್ಲೂ ಸಿಗದು.

ನಿಮ್ಮ ಮನೆಯ ನೆಚ್ಚಿನ ಕಂಠ ಬೇರೆಯಿರಬಹುದು. ಪಿ. ಕಾಳಿಂಗರಾಯರಿರಬಹುದು, ಎಸ್. ಜಾನಕಿಯವರಿರಬಹುದು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರಿರಬಹುದು. ವಿಧಾನ ಮಾತ್ರ ಇದೇ. ಎಲ್ಲವನ್ನೂ ಒಮ್ಮೆಗೇ ಮುಗಿಸುವ ಹಂಬಲ ಬೇಡ. ವಾರಕ್ಕೊಂದು ಕ್ಯಾಸೆಟ್ ಸಾಕು. ಯಾವುದು ಎಲ್ಲಕ್ಕಿಂತ ಹಳೆಯದೋ, ಯಾವುದರ ಮೇಲೆ ಕೈಬರಹವಿದೆಯೋ ಅದರಿಂದ ಮೊದಲುಮಾಡಿ. ಮುಂದಿನ ಮಳೆಗಾಲಕ್ಕೆ ಮುನ್ನ ಮೊದಲ ಹನ್ನೆರಡು ಹಾಡುಗಳಾದರೂ ಸುರಕ್ಷಿತವಾಗಿರಲಿ ಎಂದು ಹಾರೈಸುತ್ತೇವೆ.